ಘಾಟು ಜರಡಿ

ಉಸಿರಿಗೂ ಒಂದು ಊರಿರುತ್ತದೆ ಎಂದರೆ ನೀವು ನಗುತ್ತೀರಿ. ನಗಿ, ಬೇಡವೆನ್ನುವುದಿಲ್ಲ. ಆರು ವರ್ಷ, ದಿನಕ್ಕೆ ಎಂಟು ತಾಸು, ಕಣ್ಣು ಮುಚ್ಚಿಕೊಂಡು ಬಸುರಿಯರ ಉಸಿರು ಕೇಳುತ್ತ ಕುಳಿತುಬಿಟ್ಟರೆ ನೀವೂ ಇದನ್ನೇ ಹೇಳುತ್ತೀರಿ. ಹೊಳೆದಂಡೆಯ ಹೆಂಗಸರ ಉಸಿರು ಅಗಲ, ಅದಕ್ಕೆ ಎಲ್ಲಿಗೂ ಹೋಗುವ ಅವಸರವಿಲ್ಲ. ನೇಕಾರರ ಓಣಿಯವರದು ಮಗ್ಗದ ತಾಳಕ್ಕೆ ಬಿದ್ದಿರುತ್ತದೆ, ಮಲಗಿದಾಗಲೂ ಆ ತಾಳ ಬಿಡುವುದಿಲ್ಲ. ನಮ್ಮ ಕಾಯಿಪೇಟೆಯವರದು ಮಾತ್ರ ಗಂಟಲಲ್ಲಿ ಸಣ್ಣಗೆ ಕೆರೆದುಕೊಂಡೇ ಒಳಗೆ ಹೋಗುತ್ತದೆ. ನಾನೂ ಕಾಯಿಪೇಟೆಯವಳೇ. ಹೆಸರು ಸುಲೋಚನಾ ಬಡಿಗೇರ. ಮೂವತ್ತೊಂದು ವರ್ಷ ಸರಕಾರಿ ನರ್ಸಾಗಿದ್ದೆ, ಈಗ ಆಲಿಸುವ ಮನೆಯಲ್ಲಿ ಕೇಳುಗಿ.

ಆಲಿಸುವ ಮನೆ ಎಂದರೆ ಕಾಯಿಪೇಟೆಯಿಂದ ನಲವತ್ತು ಕಿಲೋಮೀಟರ್ ಆಚೆ, ಗುಡ್ಡದ ನೆತ್ತಿಯ ಮೇಲಿರುವ ಒಂದು ದುಂಡನೆಯ ಕೋಣೆ. ಕಿಟಕಿಗಳಿಗೆ ತೆಳು ಪರದೆ, ನೆಲಕ್ಕೆ ದಪ್ಪ ಜಮಖಾನ, ಹನ್ನೆರಡು ಒರಗುಕುರ್ಚಿ. ಗೋಡೆಯ ತುಂಬ ಸಣ್ಣ ಸಣ್ಣ ದೀಪಗಳು. ಜಿಲ್ಲೆಯ ಪ್ರತಿ ಬಸುರಿಗೂ ಅಲ್ಲಿ ಒಂದು ದೀಪವಿದೆ. ಉಸಿರು ಸರಾಗವಿದ್ದರೆ ಹಸಿರು, ತೊಡಕಿದ್ದರೆ ಹಳದಿ, ಜೀವಕ್ಕೆ ಬಂದರೆ ಕೆಂಪು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಊಟ ಮಾಡಿ ಅಡ್ಡಾದ ನಾನೂರು ಹೆಂಗಸರ ಉಸಿರು ಒಟ್ಟಿಗೆ ಕೇಳಿಬರುವಾಗ ನಾನು ಎಚ್ಚರವಿದ್ದೇನೋ ಮಲಗಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ತಾಯಿ ಕಾರ್ಡಿನ ಜೊತೆಗೇ ಬಸುರಿಗೆ ಒಂದು ಮಣಿ ಕೊಡುತ್ತಾರೆ. ಹುಣಸೆಬೀಜದಷ್ಟು ಗಾತ್ರ. ಕೊರಳ ಕೆಳಗಿನ ಎಲುಬಿಗೆ ಅಂಟಿ ಕೂರುತ್ತದೆ, ಗೋಡೆಯ ದೀಪದ ಬಣ್ಣವನ್ನೇ ತಾನೂ ತೋರಿಸುತ್ತದೆ. ಅದರೊಳಗೆ ಒಂದು ಕಿವಿಯಿದೆ, ಒಂದು ನಾಲಗೆಯಿದೆ ಎಂದುಕೊಳ್ಳಿ. ಶ್ವಾಸನಾಳ ಬಾತುಕೊಳ್ಳಲು ಶುರುವಾದರೆ ಉಸಿರಿನಲ್ಲಿ ಒಂದು ಬಗೆಯ ಅನಿಲ ಹೆಚ್ಚಾಗುತ್ತದೆ. ಆ ಹೆಂಗಸಿಗೆ ಗೊತ್ತಾಗುವ ಎಷ್ಟೋ ತಾಸು ಮೊದಲೇ ನಾಲಗೆ ಅದರ ರುಚಿ ಹಿಡಿಯುತ್ತದೆ. ಕಿವಿಯಂತೂ ಎಷ್ಟು ಚುರುಕೆಂದರೆ ಹೊಟ್ಟೆಯೊಳಗಿನ ಕೂಸನ್ನೂ ಕೇಳುತ್ತದೆ. ಕೂಸು ಅಲ್ಲಿ ಉಸಿರಾಡುವುದಿಲ್ಲ, ಅದಕ್ಕೆ ಬೇಕಾದ್ದೆಲ್ಲ ತಾಯಿಯ ರಕ್ತದಿಂದಲೇ ಬರುತ್ತದೆ. ಆದರೂ ಅದು ಅಭ್ಯಾಸ ಮಾಡುತ್ತದೆ. ಪುಟ್ಟ ಎದೆ ಏಳುತ್ತದೆ, ಇಳಿಯುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಏಳುತ್ತದೆ. ಹಿಂದೆಂದೂ ನೋಡದ ಗಾಳಿಗಾಗಿ ನೀರಿನಲ್ಲಿ ಕುಳಿತು ಪಾಠ ಮಾಡುವ ಆ ಸದ್ದು ಮೊದಲ ಸಲ ಕೇಳಿದಾಗ ನಾನು ಕುರ್ಚಿಯಲ್ಲೇ ಅತ್ತುಬಿಟ್ಟಿದ್ದೆ.

ಇನ್ನೊಂದು ಸಂಗತಿ ಹೇಳಬೇಕು. ಒಂದೇ ಹಾಸಿಗೆಯಲ್ಲಿ ಮಲಗಿದ ತಾಯಿ ಮಗಳ ಉಸಿರು ಹೊತ್ತು ಹೋದಂತೆ ಒಂದಾಗುವುದನ್ನು ನೀವು ನೋಡಿರಬಹುದು. ನಮ್ಮ ಡಾಕ್ಟರ್ ಶ್ರೀಹರಿ ಕೆದಿಲಾಯರು ಅದನ್ನೇ ಯಂತ್ರಕ್ಕೆ ತಂದರು. ಕೇಳುಗಿ ತನ್ನ ಎದೆಗೊಂದು ಮಣಿ ಅಂಟಿಸಿಕೊಂಡು ನಿಧಾನವಾಗಿ ಉಸಿರಾಡುತ್ತಾಳೆ. ಆ ಉಸಿರು ದೂರದ ಬಸುರಿಯ ಎಲುಬಿನಲ್ಲಿ ಸದ್ದಾಗಿ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅವಳ ಎದೆ ನಮ್ಮದನ್ನು ಹಿಂಬಾಲಿಸುತ್ತದೆ. ಇದಕ್ಕೆ ಜೊತೆ ಉಸಿರು ಎನ್ನುತ್ತೇವೆ. ಇದು ಔಷಧವಲ್ಲ. ಮೊದಲು ಬಾಯಿಗೆ ಹೊಡೆದುಕೊಳ್ಳುವ ಔಷಧದ ಪಂಪು, ಆಮೇಲೆ ಜೊತೆ ಉಸಿರು, ಇದು ನಮ್ಮ ಮೊದಲ ನಿಯಮ. ಭಯದಿಂದ ಬಿಗಿದ ಎದೆಯನ್ನು ಸಡಿಲಿಸುವುದಷ್ಟೇ ನಮ್ಮ ಕೆಲಸ. ಆದರೆ ಅದರಲ್ಲಿ ಡಾಕ್ಟರಿಗೂ ಬಿಡಿಸಲಾಗದ ಒಂದು ಒಗಟಿತ್ತು. ಉಸಿರು ಕೂಡಿದಾಗ ಆಕೆಯ ಕನಸು ನಮ್ಮೊಳಕ್ಕೆ ಸೋರುತ್ತಿತ್ತು. ನಾನು ಕಾಣದ ಹೊಳೆಯಲ್ಲಿ ಈಜಿದ್ದೇನೆ, ಯಾರದೋ ಸತ್ತ ಎಮ್ಮೆಗಾಗಿ ಅತ್ತಿದ್ದೇನೆ. ಕೆದಿಲಾಯರು ಕರಾವಳಿಯವರು. ಕೇಳಿದರೆ ತಲೆ ಕೆರೆದುಕೊಂಡು, "ಅದೆಂತದೋ ನನಗೂ ಗೊತ್ತಿಲ್ಲ ಮಾರಾಯ್ರೆ, ತೊಂದರೆ ಇಲ್ಲವಲ್ಲ?" ಎನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ಮಾತು. ಮಣಿ ಬಂದ ಮೊದಲ ವರ್ಷಗಳಲ್ಲಿ ಕಾಯಿಪೇಟೆಯ ದೀಪಗಳು ಹಸಿರಿಗೆ ಬರುತ್ತಲೇ ಇರಲಿಲ್ಲ. ಬರುವುದಾದರೂ ಹೇಗೆ? ಊರಿಗೆ ಊರೇ ಮೆಣಸಿನಕಾಯಿ. ಬ್ಯಾಡಗಿ ಕಾಯಿಯ ತೊಟ್ಟನ್ನು ಯಂತ್ರಕ್ಕೆ ಕೊಟ್ಟರೆ ಕಾಯಿ ಮುರಿಯುತ್ತದೆಂದು ಇವತ್ತಿಗೂ ಹೆಂಗಸರೇ ಕೂತು ಬಿಡಿಸುತ್ತಾರೆ. ಅಂಗಳದಲ್ಲಿ ಕಾಯಿ, ಮಾಳಿಗೆಯ ಮೇಲೆ ಕಾಯಿ, ಕೆಂಪು ಧೂಳು ಗೋಡೆಗೂ ಸೆರಗಿಗೂ. ಯಾರೋ ಒಬ್ಬರು ಕೆಮ್ಮಿದರೆ ಓಣಿ ಪೂರ್ತಿ ಕೆಮ್ಮುತ್ತದೆ. ಮಣಿ ಹೌಹಾರಿ ಆಸ್ಪತ್ರೆಯ ವ್ಯಾನು ಕರೆಯುತ್ತಿತ್ತು. ವ್ಯಾನು ಬಂದು ನೋಡಿದರೆ ಬಸುರಿ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದಳು. ಬೇಸತ್ತ ಹೆಂಗಸರು ಮಣಿಯನ್ನು ಕಿತ್ತು ಗೋಡೆಯ ಮಾಡದಲ್ಲಿಡತೊಡಗಿದರು. ಕೆದಿಲಾಯರು ನನ್ನನ್ನು ಕರೆದು ಕೇಳಿದರು, "ಸುಲೋಚನಕ್ಕ, ನಿಮ್ಮ ಊರಿನವರಿಗೆ ಎಂತ ಕಾಯಿಲೆ?"

"ಕಾಯಿಲೆ ಅಲ್ರಿ ಸರ, ಘಾಟು," ಎಂದೆ ನಾನು, ದೊಡ್ಡ ಜಾಣೆಯ ಹಾಗೆ. "ನಮ್ಮೂರಾಗ ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ."

ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ತಿಂಗಳು ಓಣಿ ಓಣಿ ಅಲೆದು ಮುನ್ನೂರು ಹೆಂಗಸರ ಕೆಮ್ಮು, ಕೆರೆತ, ಏದುಸಿರು ಎಲ್ಲ ಹಿಡಿದು ತಂದೆ. ಇದು ಘಾಟು, ಇದು ಘಾಟು ಎಂದು ಒಂದೊಂದಕ್ಕೂ ಗುರುತು ಹಾಕಿ ಯಂತ್ರಕ್ಕೆ ಕಲಿಸಿದೆ. ಕೆದಿಲಾಯರು ಅದರಿಂದ ಒಂದು ಜರಡಿ ಮಾಡಿದರು. ಕಾಯಿಪೇಟೆಯ ಗಡಿಯೊಳಗೆ ಕಾಲಿಟ್ಟ ಯಾವ ಮಣಿಗೂ ಆ ಜರಡಿ ತಾನಾಗಿಯೇ ಬೀಳುತ್ತಿತ್ತು, ಘಾಟಿನ ಸದ್ದು, ರುಚಿ ಎರಡನ್ನೂ ಸೋಸಿ ಉಳಿದದ್ದನ್ನಷ್ಟೇ ನಮಗೆ ಕಳಿಸುತ್ತಿತ್ತು. ಒಂದೇ ವಾರದಲ್ಲಿ ನಮ್ಮೂರ ದೀಪಗಳೆಲ್ಲ ಹಸಿರಾದವು. ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಫೋಟೋ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಫಕೀರವ್ವ ನನ್ನ ಪಾಲಿಗೆ ಬಂದದ್ದು ಅದಾದ ಮೂರನೆಯ ವರ್ಷ. ಇಪ್ಪತ್ತನಾಲ್ಕರ ಹುಡುಗಿ, ಚೊಚ್ಚಲು. ಹುಟ್ಟಿದ್ದು ಕಾಯಿಪೇಟೆ, ಕೊಟ್ಟದ್ದು ಹೊಳೆಯಾಚೆಯ ಹಳ್ಳಿಗೆ. ಮಣಿ ಕೊಡುವಾಗ ಅಲ್ಲಿನ ನರ್ಸು ದಮ್ಮು, ಅಂದರೆ ಆಸ್ತಮಾ, ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲವೆಂದು ಬರೆಸಿದ್ದಳು. ಮಣಿಯಲ್ಲಿ ಮಾತೂ ಆಡಬಹುದು. ಈ ಹುಡುಗಿ ಮಾತಿನ ಮಲ್ಲಿ.

"ಅಕ್ಕಾರ, ನನ್ನ ಕೂಸು ಪಾಠ ಮಾಡಾಕತ್ತೈತೇನ್ರಿ?" ಎಂದು ದಿನಾ ಕೇಳುತ್ತಿದ್ದಳು.

"ಮಾಡಾಕತ್ತೈತವಾ. ನಿನಗಿಂತ ಶಾಣ್ಯಾ ಐತಿ."

"ಅವರಪ್ಪನಂಗ ನಡುವ ನಿದ್ದಿ ಹೊಡಿಯೂದಿಲ್ಲಲ್ರೀ?"

"ಹೊಡಿತೈತಿ. ಅದೊಂದು ಅವನಂಗ."

ಅವಳು ನಕ್ಕರೆ ಕೂಸಿನ ಪಾಠ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ನನಗೆ ಮಕ್ಕಳಿಲ್ಲ. ಆ ಸದ್ದಿಗಾಗಿ ನಾನು ಬೆಳಿಗ್ಗೆ ಬೇಗ ಡ್ಯೂಟಿಗೆ ಬರುತ್ತಿದ್ದೆ, ಇದನ್ನು ಯಾರಿಗೂ ಹೇಳಿರಲಿಲ್ಲ.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವಳ ತಾಯಿ ಹಾಲವ್ವ ಮಗಳನ್ನು ಕಾಯಿಪೇಟೆಗೆ ಕರೆತಂದಳು. ಎರಡು ವಾರ ಬಿಟ್ಟು ಒಂದು ಭಾನುವಾರ ನಾನೇ ನೋಡಲು ಹೋದೆ. ಅಂಗಳದ ತುಂಬ ಕೆಂಪು ರಾಶಿ. ಹಾಲವ್ವ ನಾಲ್ಕು ಹೆಂಗಸರೊಡನೆ ಕೂತು ತೊಟ್ಟು ಬಿಡಿಸುತ್ತಿದ್ದಳು, ಬೆರಳು ಮಾತಿಗಿಂತ ಜೋರು. ಫಕೀರವ್ವ ಒಳಗೆ ಗೋಡೆಗೊರಗದೆ, ಎರಡೂ ಅಂಗೈ ಮೊಣಕಾಲಿಗೆ ಊರಿ, ಹೆಗಲೆತ್ತಿ ಕೂತಿದ್ದಳು. ಮೂವತ್ತೊಂದು ವರ್ಷದ ನರ್ಸು ನಾನು, ಆ ಹೆಗಲು ನೋಡಬೇಕಿತ್ತು. ನಾನು ಮಣಿ ನೋಡಿದೆ. ಮಣಿ ಹಸಿರಿತ್ತು.

"ಎದಿ ಕಟ್ಟಿದಂಗ ಆಗತೈತೇನವಾ?"

"ಏ, ಇಲ್ರಿ ಅಕ್ಕಾರ. ಬರೇ ಘಾಟು. ಎರಡ ವರ್ಷ ಊರ ಬಿಟ್ಟಿದ್ನೆಲ್ರೀ, ರೂಢಿ ತಪ್ಪೈತಿ."

ಹಾಲವ್ವ ಚಹಾ ತಂದಳು. "ಹೊಳಿ ನೀರ ಕುಡದ ಬಂದಾಳ್ರಿ ಬಾಯಾರ, ನಮ್ಮ ಗಾಳಿ ಮರತಾಳ. ನಾಕ ದಿನಕ್ಕ ಸರಿ ಹೋಕ್ಕತಿ."

ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ. ದಮ್ಮು ಇದ್ದರೆ ಬಸುರಿನಲ್ಲಿ ಪಂಪು ಬಿಡಬಾರದು, ಪಂಪಿಗೆ ಅಂಜಿ ಬಿಡುವುದೇ ದೊಡ್ಡ ಅಪಾಯ. ತಾಯಿಯ ಉಸಿರು ಕಡಿಮೆಯಾದರೆ ಕೂಸಿನ ಪಾಲೂ ಕಡಿಮೆಯಾಗುತ್ತದೆ.

"ಅಯ್ಯ, ಬಿಡ್ರಿ ಬಾಯಾರ," ಹಾಲವ್ವ ನಕ್ಕಳು. "ದಮ್ಮಿನ ಮಾತು ನಮ್ಮ ಮನ್ಯಾಗ ಯಾಕ? ದಮ್ಮಿನ ಹುಡುಗಿ ಆಗಿದ್ರ ಅಕಿನ್ನ ಯಾರ ಮಾಡ್ಕೋತಿದ್ರು?"

ನಾನೂ ನಕ್ಕೆ. ಚಹಾ ಚೆನ್ನಾಗಿತ್ತು. ಹೊರಡುವಾಗ ಒಂದು ಚೀಲ ಕಾಯಿ ಬೇರೆ ಕೊಟ್ಟು ಕಳಿಸಿದಳು.

ಅದಾದ ಒಂಬತ್ತನೆಯ ದಿನ, ಮಂಗಳವಾರ. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಜಮಖಾನದ ಮೇಲೆ ಬಿದ್ದಿತ್ತು. ಗೋಡೆಯ ಮೇಲೆ ಎಲ್ಲ ಹಸಿರು. ನಾನು ಒಬ್ಬೊಬ್ಬರನ್ನೇ ಕೇಳುತ್ತ ಫಕೀರವ್ವನ ಹತ್ತಿರ ಬಂದೆ. ಅವಳ ಉಸಿರು ಸೋಸಿ ತೆಗೆದ ನೀರಿನಂತೆ ಚೊಕ್ಕವಾಗಿತ್ತು. ಅದರ ಕೆಳಗೆ ಕೂಸಿನ ಪಾಠಕ್ಕಾಗಿ ಕಾದೆ. ಕೂಸು ನಡುನಡುವೆ ಮಲಗುತ್ತದೆ, ಗೊತ್ತಿದ್ದದ್ದೇ. ಹತ್ತು ನಿಮಿಷ ಕಾದೆ. ಅರ್ಧ ತಾಸು ಕಾದೆ. ಹಿಂದಿನ ದಾಖಲೆ ತೆಗೆದು ನೋಡಿದರೆ ಬೆಳಗಿನಿಂದಲೂ ಪಾಠವಿಲ್ಲ. ಎಂಟನೆಯ ತಿಂಗಳಿನ ಕೂಸು ಅಷ್ಟು ಹೊತ್ತು ಸುಮ್ಮನಿರಬಾರದು.

ಮಣಿ ಎದೆಗೆ ಹಚ್ಚಿಕೊಂಡು ಅವಳ ಉಸಿರಿಗೆ ನನ್ನ ಉಸಿರು ಕೂಡಿಸಿದೆ. ಕಣ್ಣು ಮುಚ್ಚುತ್ತಲೇ ಕೆಂಪು ಬಯಲು ಬಂತು. ದಿಕ್ಕು ದಿಕ್ಕಿಗೂ ಹರವಿದ ಮೆಣಸಿನಕಾಯಿ, ಆಕಾಶವೂ ಅದರ ಬಣ್ಣಕ್ಕೆ ತಿರುಗಿತ್ತು. ನಡುವೆ ಫಕೀರವ್ವ ಬರಿಗಾಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆದರೆ ಗಾಳಿ ಬರುತ್ತಿರಲಿಲ್ಲ, ಹತ್ತಿರ ಹೋಗಿ ನೋಡಿದರೆ ಬಾಯಿಗೊಂದು ಜರಡಿ ಕಟ್ಟಿತ್ತು. ಅದು ನಾನು ಹೆಣೆದದ್ದೆಂದು ಕನಸಿನಲ್ಲಿಯೂ ನನಗೆ ಗೊತ್ತಿತ್ತು. ಎದ್ದು ಕೂತಾಗ ನನ್ನ ಎದೆಗೇ ಹಗ್ಗ ಬಿಗಿದಂತಾಗಿತ್ತು.

"ಸರ, ಫಕೀರವ್ವನ ಜರಡಿ ತಗೀರಿ!" ಆ ಕೋಣೆಯಲ್ಲಿ ಅಲ್ಲಿಯವರೆಗೆ ಯಾರೂ ಕೂಗಿರಲಿಲ್ಲ.

ಕೆದಿಲಾಯರು ಓಡಿ ಬಂದರು. "ಎಂತಾಯ್ತು? ದೀಪ ಹಸಿರೇ ಉಂಟಲ್ಲ?"

"ದೀಪಕ್ಕ ಬೆಂಕಿ ಹಚ್ರಿ. ಕೂಸು ಬೆಳಗಿನಿಂದ ಪಾಠ ಮಾಡಿಲ್ಲ. ಜರಡಿ ತಾಯಿ ಕೆಮ್ಮನ್ನ ಅಡಗಿಸತೈತಿ, ಕೂಸಿನ ಮೌನ ಹೆಂಗ ಅಡಗಿಸೀತು? ತಗೀರಿ ಅಂದ್ನೆಲ್ರೀ!"

ಅವರು ಒಂದು ಗುಂಡಿ ಒತ್ತಿದರು. ಆ ಚೊಕ್ಕ ಉಸಿರು ಕಳಚಿ ಬಿತ್ತು. ಅದರ ಹಿಂದಿನಿಂದ ನಿಜವಾದದ್ದು ಬಂತು. ಒಳಗೆಳೆದರೆ ಒಂದು ಸಿಳ್ಳೆ, ಹೊರಬಿಟ್ಟರೆ ಹತ್ತು ಸಿಳ್ಳೆ. ಹಸಿರು ದೀಪ ಹಳದಿಗೆ ನಿಲ್ಲದೆ ನೇರ ಕೆಂಪಿಗೆ ಹೋಯಿತು. ಕೆದಿಲಾಯರು ವ್ಯಾನಿಗೆ ಸುದ್ದಿ ಕೊಟ್ಟರು. ಬರಲು ಇಪ್ಪತ್ತೆರಡು ನಿಮಿಷ.

"ಫಕೀರವ್ವಾ, ಕೇಳಸ್ತೈತೇನವಾ?"

"ಹೂಂ... ಅಕ್ಕಾರ."

"ಒಂದ ಉಸಿರಿನ್ಯಾಗ ಹತ್ತರತನಕ ಎಣಸು ನೋಡೋಣ."

"ಒಂದು... ಎರಡು..." ಅಷ್ಟಕ್ಕೇ ಉಸಿರು ಮುಗಿಯಿತು. "ಘಾಟು... ರೀ."

"ಅದು ಘಾಟಲ್ಲ ನನ್ನವ್ವಾ. ಮಲಕೋಬ್ಯಾಡ, ಎದ್ದ ಕೂಡು. ನಿಮ್ಮವ್ವನ್ನ ಕರಿ."

ಹಾಲವ್ವನ ಬಳೆ ಸದ್ದು ಹತ್ತಿರ ಬಂತು. ನಾನು ಸುತ್ತಿ ಬಳಸಿ ಕೇಳಲಿಲ್ಲ. "ಹಾಲವ್ವಾ, ಲಗ್ನಕ್ಕ ಮದಲ ಇಕಿ ಪಂಪು ಹೊಡಕೋತಿದ್ಲೇನು? ಖರೇ ಹೇಳು."

ಹಾಲವ್ವ ಮಗಳ ಮಣಿಯ ಹತ್ತಿರಕ್ಕೆ ಬಾಯಿ ತಂದಳು. ಆಮೇಲೆ ಪಿಸುದನಿ. "ಬಾಯಾರ, ಮೆಲ್ಲಕ ಮಾತಾಡ್ರಿ. ಅಳಿಯ ಬಂದಾನ. ಪಡಸಾಲ್ಯಾಗ ಕುಂತಾನ."

ಅಳಿಯ ಮಾಲತೇಶ ಹೆಂಡತಿಯನ್ನು ನೋಡಲೆಂದು ಅವತ್ತೇ ಹಣ್ಣು ಹಿಡಿದು ಬಂದಿದ್ದನಂತೆ. ಪಂಪು ಹಾಲವ್ವನ ಟ್ರಂಕಿನ ತಳದಲ್ಲಿ, ಲಗ್ನದ ಹಿಂದಿನ ದಿನ ಮಗಳ ಕೈಯಿಂದ ಕಸಿದು ಸೀರೆಗಳ ಕೆಳಗೆ ಹೂತಿಟ್ಟದ್ದು, ಹಾಗೆಯೇ ಇತ್ತು. ಟ್ರಂಕು ಇದ್ದದ್ದು ಪಡಸಾಲೆಯಲ್ಲಿ, ಮಾಲತೇಶ ಕೂತಿದ್ದ ಬಾಜುವಿಗೇ. ಇದನ್ನೆಲ್ಲ ಅವಳು ಅಳುತ್ತ ನಾಲ್ಕು ಮಾತಿನಲ್ಲಿ ಹೇಳಿದಳು. "ಅಂವ ನೋಡಿದ್ರ ನನ್ನ ಮಗಳ ಬಾಳೇವು ಹೋತ್ರಿ. ವ್ಯಾನು ಬರತೈತಿ ಅಂದ್ರೆಲ್ಲ, ಅಲ್ಲೀತನಕ ತಡಕೋತಾಳ. ಘಾಟ ಅಂತ ಹೇಳತೇನಿ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ? ಆ ಮಾತನ್ನು ಅವಳಿಗಿಂತ ಮೊದಲು ನಾನೇ ಗೋಡೆ ತುಂಬ ಹಸಿರಿನಲ್ಲಿ ಬರೆದಿದ್ದೆನಲ್ಲ.

"ಹಾಲವ್ವಾ, ಕೇಳಿಲ್ಲಿ. ಘಾಟು ಅಂತ ನೀ ಒಬ್ಬರ ಮುಂದ ಸುಳ್ಳ ಹೇಳಿದಿ. ನಾ ಯಂತ್ರಕ್ಕ ಕಲಿಸಿ ಊರಿಗೇ ಹೇಳಿಸೀನಿ. ನಿನ್ನ ಮಗಳ ದೀಪ ಹಸಿರಾಗಿ ಉಳದದ್ದು ನನ್ನಿಂದ. ಆಕಿ ಹೋದ್ರ ಪಾಪ ಇಬ್ಬರಿಗೂ ಪಾಲು. ಬಾಳೇವು ಆಮ್ಯಾಲ ನೋಡೋಣ, ಮದಲ ಜೀವ ಉಳೀಲಿ. ಏಳು!"

ಟ್ರಂಕಿನ ಮುಚ್ಚಳ ಕಿರ್ರೆಂದದ್ದು ನನಗೆ ನಲವತ್ತು ಕಿಲೋಮೀಟರ್ ಆಚೆ ಕೇಳಿಸಿತು. ಮಾಲತೇಶನ ದನಿ ಬಂತು, "ಏನ್ರಿ ಅತ್ತಿ ಅದು? ಯಾತರ ಪಂಪು?"

"ಅಕಿದು," ಎಂದಳು ಹಾಲವ್ವ. "ಆಮ್ಯಾಲ ಬೈಯ್ರಿ ಅಳಿಯಂದ್ರ. ಈಗ ಅಕಿನ್ನ ಎತ್ತಿ ಹಿಡಕೋರಿ."

ಪಂಪಿನ ಅವಧಿ ಮುಗಿದಿತ್ತು. ಕೆದಿಲಾಯರು ಹಿಂದಿನಿಂದ ಬಾಗಿ, "ಇರಲಿ, ಹೊಡೀಲಿ, ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಒಂದು ಹೊಡೆದು ನಿಧಾನ ಎಳೀಲಿ, ಸ್ವಲ್ಪ ತಡೆದು ಮತ್ತೊಂದು," ಎಂದರು. ನಾನು ಎಣಿಸುತ್ತ ಹೋದೆ. ಒಂದಾಯಿತು, ಎರಡಾಯಿತು, ಆರಾಯಿತು. ಆಮೇಲೆ ಮತ್ತೆ ಕಣ್ಣು ಮುಚ್ಚಿದೆ.

ಈ ಸಲ ಬಯಲಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ನಾನು ಎಳೆದುಕೊಂಡೆ, ಅವಳು ಎಳೆದುಕೊಂಡಳು. ನಾನು ಬಿಟ್ಟೆ, ಅವಳ ಕೈಲಿ ಬಿಡಲಾಗಲಿಲ್ಲ. ಆಸ್ತಮಾದವರಿಗೆ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಹೋಗುವುದು ಕಷ್ಟ. ಬಿಡವ್ವಾ, ಬಿಡು, ಎಲ್ಲ ಬಿಡು ಎಂದು ಬೇಡಿಕೊಂಡೆ. ನಮ್ಮ ಕಾಲಡಿಯ ಕೆಂಪು ಸಣ್ಣಗೆ ಅಲುಗಾಡಿತು. ಎಲ್ಲಿಂದಲೋ ಹೊಳೆಯ ಗಾಳಿ ಬೀಸಿ ಕಾಯಿಗಳು ಒಂದೊಂದೇ ಎದ್ದು ತೇಲತೊಡಗಿದವು, ಕೆಳಗೆ ಒದ್ದೆ ಮಣ್ಣು ಕಂಡಿತು. ಅವಳು ಉದ್ದನೆಯ ಒಂದು ಉಸಿರು ಬಿಟ್ಟಳು. ನನಗೆ ಗೊತ್ತಿಲ್ಲದೆ ನನ್ನ ಕಣ್ಣಲ್ಲಿ ನೀರು ಇಳಿದಿತ್ತು.

ವ್ಯಾನು ಬಂತು, ಆಕ್ಸಿಜನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ನಾನು ಕುರ್ಚಿ ಬಿಟ್ಟೇಳಲಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ, ವ್ಯಾನಿನ ಕುಲುಕಾಟದ ನಡುವೆ, ಬಲು ಆಳದಿಂದ ಒಂದು ಪುಟ್ಟ ಎದೆ ಎದ್ದಿತು. ಇಳಿಯಿತು. ಸುಮ್ಮನಾಯಿತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಮತ್ತೆ ಎದ್ದಿತು.

"ಅಕ್ಕಾರ... ಪಾಠ?" ಮುಖವಾಡದೊಳಗಿಂದ ಫಕೀರವ್ವನ ದನಿ.

"ಶುರು ಮಾಡೇತಿ. ನೀ ಮಾತಾಡಬ್ಯಾಡ, ಸುಮ್ನಿರು," ಎಂದು ಗದರಿಸಿದೆ.

ಮರುದಿನ ನಾನು ಕೆದಿಲಾಯರ ಮೇಜಿನ ಮೇಲೆ ಒಂದು ಕಾಗದ ಇಟ್ಟೆ. ತಪ್ಪು ನನ್ನದು, ಜರಡಿಯನ್ನು ಇಡೀ ಊರಿಗೆ ತೆಗೆಯಿರಿ ಎಂದು ಬರೆದಿದ್ದೆ. ಅವರು ಓದಿ, ಪೆನ್ನು ತೆಗೆದು ನನ್ನ ಮುಂದಿಟ್ಟರು.

"ಒಂದೂರಿನ ಮಾತನ್ನು ಒಬ್ಬರನ್ನೇ ಕೇಳಿ ಒಪ್ಪಿಕೊಂಡೆ. ತಪ್ಪಲ್ಲಿ ನನ್ನ ಹೆಸರೂ ಸೇರಿಸಿ ಸುಲೋಚನಕ್ಕ," ಎಂದು ಹೇಳಿ ಗುಂಡಿ ಒತ್ತಿದರು.

ಕಾಯಿಪೇಟೆಯ ನಲವತ್ತಾರು ದೀಪಗಳಲ್ಲಿ ಇಪ್ಪತ್ತೆಂಟು ಬಣ್ಣ ಬದಲಿಸಿದವು. ಗೋಡೆಯ ಆ ಮೂಲೆಯಲ್ಲಿ ಹಳದಿ ಕೆಂಪು ಹೂವು ಬಿರಿದಂತಿತ್ತು, ಮತ್ತು ನನಗೆ ಅದನ್ನು ನೋಡಲಾಗಲಿಲ್ಲ. ಒಂದು ವಾರ ಮನೆ ಮನೆಗೆ ಹೋಗಿ ಒಬ್ಬೊಬ್ಬಳನ್ನೂ ಊದಿಸಿ, ಎಣಿಸಿ, ಕೇಳಿ ನೋಡಿದೆವು. ಅರ್ಧದಷ್ಟು ಮಂದಿಯದು ನಿಜಕ್ಕೂ ಬರೀ ಘಾಟೇ. ಹದಿನಾಲ್ಕು ಮಂದಿಯದು ಅಲ್ಲ. ಹದಿನಾಲ್ಕು ಮನೆಗಳಲ್ಲಿಯೂ ನನಗೆ ಅದೇ ಉತ್ತರ ಸಿಕ್ಕಿತು. ಘಾಟು ಎಂದರೆ ಕೆಲಸಕ್ಕೆ ಕರೆಯುತ್ತಾರೆ, ಹೆಣ್ಣು ಕೇಳಲು ಬರುತ್ತಾರೆ. ದಮ್ಮು ಎಂದರೆ ಎರಡೂ ಇಲ್ಲ.

ಫಕೀರವ್ವ ಆಸ್ಪತ್ರೆಯಲ್ಲಿ ಐದು ದಿನ ಇದ್ದಳು. ಮಾಲತೇಶ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. "ದಮ್ಮು ಅಂತ ಮದಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ ಅಕ್ಕಾರ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ತಾನೇ ಹೇಳಿದ, "ಅಂತಿದ್ನೇನೋ. ನಮ್ಮವ್ವಂತೂ ಅಂತಿದ್ಲು." ಆ ಮಾತಿಗೆ ನನಗೆ ಅವನ ಮೇಲೆ ಪ್ರೀತಿ ಬಂತು. ಆಮೇಲೆ ಅವಳನ್ನು ಕಾಯಿಪೇಟೆಗೆ ಕಳಿಸದೆ ತನ್ನ ಹಳ್ಳಿಗೇ ಕರೆದುಕೊಂಡು ಹೋದ. ಹಾಲವ್ವನೂ ಜೊತೆಗೆ ಹೋದಳು. ಬೀಗರ ಮನೆಯಲ್ಲಿ ನಿಂತು ಬಾಣಂತನ ಮಾಡಿದ ತಾಯಿಯನ್ನು ನಮ್ಮ ಸೀಮೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಹೊಸ ಪಂಪು ಹೊತ್ತಿಗೆ ಸರಿಯಾಗಿ ಹೊಡೆದುಕೊಳ್ಳುತ್ತಿದ್ದಳು ಹುಡುಗಿ. ಕೂಸಿನ ಪಾಠ ಒಂದು ದಿನವೂ ತಪ್ಪಲಿಲ್ಲ.

ಆರು ವಾರದ ಮೇಲೆ ಒಂದು ಮುಂಜಾವು ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ಅವಳು, ಗುಡ್ಡದ ಮೇಲೆ ನಾನು. ಪಂಪು ಅವಳ ದಿಂಬಿನ ಪಕ್ಕದಲ್ಲಿತ್ತು. ಒಂದೊಂದು ನೋವಿಗೂ ಉಸಿರು ಏರಿ, ಇಳಿದು, ನನ್ನ ಉಸಿರು ಹಿಡಿದು ವಾಪಸು ಬರುತ್ತಿತ್ತು. ಅವತ್ತು ಬಯಲಿರಲಿಲ್ಲ. ನಾವು ಒಂದು ಅಗಲವಾದ ಹೊಳೆಯಲ್ಲಿ ಸೊಂಟದವರೆಗೆ ನಿಂತಿದ್ದೆವು, ನೀರು ಬೆಚ್ಚಗಿತ್ತು, ಕೆಳಗೆ ಏನೋ ನಮ್ಮ ಕಾಲಿಗೆ ತಾಗಿ ತಾಗಿ ಹೋಗುತ್ತಿತ್ತು. "ಅಕ್ಕಾರ, ಇನ್ನೆಷ್ಟು ದೂರ್ರಿ?" ಎಂದಳು. "ದಂಡಿ ಬಂತವಾ," ಎಂದೆ. ಅವಳು ಕೂಗಿದಳು. ಆಮೇಲೆ ಒಂದು ಗಳಿಗೆ ಹೊಳೆಯೇ ನಿಂತುಹೋಯಿತು. ಅಷ್ಟು ತಿಂಗಳು ನೀರಿನಲ್ಲಿ ಪಾಠ ಮಾಡಿದ ಎದೆ ಮೊದಲ ಸಲ ನಿಜವಾದ ಗಾಳಿ ಎಳೆದುಕೊಂಡಿತು, ಮತ್ತು ಕಿವಿ ಕಿತ್ತುಹೋಗುವಂತೆ ಅತ್ತಿತು. ಆಲಿಸುವ ಮನೆಯ ಹನ್ನೆರಡು ಜನ ಕೇಳುಗಿಯರೂ ಕುರ್ಚಿಯಿಂದ ಎದ್ದು ನಿಂತಿದ್ದರು.

ಮರುದಿನ ರಜೆ ಹಾಕಿ ನೋಡಲು ಹೋದೆ. ಹೆಣ್ಣುಕೂಸು. ವಾರ್ಡಿನಲ್ಲಿ ಫಕೀರವ್ವ, ಮಾಲತೇಶ, ಅವನ ತಾಯಿ, ಹಾಲವ್ವ ಎಲ್ಲರೂ ಇದ್ದರು. ಹಾಲವ್ವ ಕೂಸಿನ ಬಟ್ಟೆ ಮಡಚುತ್ತ, ಬಾಣಂತಿಗೆ ಕೆಂಡದ ಹೊಗೆ ಹಾಕಲೇಬೇಕೇ ಬೇಡವೇ ಎಂದು ನನ್ನನ್ನು ಕೇಳುತ್ತಿದ್ದಳು. ಹೊಗೆ ಬೇಡ, ಬಿಸಿನೀರು ಸಾಕು ಎಂದೆ. ಅಷ್ಟರಲ್ಲಿ ವಾರ್ಡಿನ ನರ್ಸು ಕೂಸಿನ ಕಾರ್ಡು ಹಿಡಿದು ಬಂದಳು.

"ಮನೆತನದಾಗ ಯಾರಿಗರ ದಮ್ಮು ಐತೇನ್ರಿ? ತಾಯಿದು ಬರದೀನಿ. ಮತ್ತ ಯಾರಿಗರ?"

ಮಾಲತೇಶನ ತಾಯಿ ಸೊಸೆಯನ್ನೊಮ್ಮೆ, ಬೀಗತಿಯನ್ನೊಮ್ಮೆ ನೋಡಿದಳು. ನರ್ಸು ಇಲ್ಲವೆಂದು ಗೀಟು ಎಳೆಯಲು ಪೆನ್ನು ಊರಿದಳು.

"ನನಗ ಐತಿ," ಎಂದಳು ಹಾಲವ್ವ.

ಬಟ್ಟೆ ಮಡಚುವ ಕೈ ನಿಂತಿತ್ತು. ಅವಳು ಬೀಗತಿಯ ಕಡೆ ತಿರುಗಲಿಲ್ಲ, ನೆಲ ನೋಡುತ್ತಲೇ ಹೇಳಿದಳು. "ಸಣ್ಣಾಕಿ ಇದ್ದಾಗಿಂದ ಐತಿ. ನಮ್ಮವ್ವಗೂ ಇತ್ತು. ನನ್ನ ತಮ್ಮನ್ನ ಹಡಿಯೂ ಮುಂದ ಹೋದ್ಲು, ಕೂಸೂ ಉಳೀಲಿಲ್ಲ. ನನಗ ಆಗ ಒಂಬತ್ತ ವರ್ಷ, ಬಾಜೂಕ ಕುಂತಿದ್ದೆ. ಘಾಟ ಹತ್ತಿ ಸತ್ಲು ಅಂತ ಊರಿಗೆಲ್ಲ ಹೇಳಿದ್ವಿ. ಘಾಟ ಹತ್ತಿ ಯಾರರ ಸಾಯ್ತಾರೇನ್ರಿ? ದಮ್ಮು ಅದು. ದಮ್ಮಿಗೇ ಸತ್ಲು ಅಂತ ಬರಕೋರಿ."

ನರ್ಸಿನ ಪೆನ್ನು ಕಾರ್ಡಿನ ಮೇಲೆ ನಿಧಾನವಾಗಿ ಹರಿಯಿತು. "ಹೆಸರೇನ್ರಿ ಅವರದು?"

"ಫಕೀರವ್ವ," ಎಂದಳು ಹಾಲವ್ವ.

ಮಂಚದ ಮೇಲಿನ ಹುಡುಗಿ ತಲೆ ಎತ್ತಿದಳು. ತನಗೆ ಅಜ್ಜಿಯ ಹೆಸರಿಟ್ಟಿದ್ದಾರೆಂದು ಅವಳಿಗೆ ಗೊತ್ತಿತ್ತು, ಆ ಅಜ್ಜಿ ಹೇಗೆ ಸತ್ತಳೆಂದು ಯಾರೂ ಹೇಳಿರಲಿಲ್ಲ. ಅವಳು ತಾಯಿಯನ್ನು ಬೈಯಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿ, ಹಾಲವ್ವನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ಕೂಸನ್ನು ಅವಳ ಮಡಿಲಿಗೆ ಹಾಕಿದಳು.